ತೀರ್ಪು ಆಟಕ್ಕೋ, ಟಿವಿಗೋ?

ಹಳೆಯ ಗೇಮ್ ಕನ್ಸೋಲ್‌ಗಳನ್ನು ರಿಪೇರಿಗೆ ತರುವವರಲ್ಲಿ ಹಲವರು ಯಂತ್ರದ ಜೊತೆಗೆ ಒಂದು ತೀರ್ಪನ್ನೂ ತಂದಿರುತ್ತಾರೆ: ಒಳ್ಳೆಯ ಆಟ, ಯಾರೂ ಗುರುತಿಸಲಿಲ್ಲ ಎಂದು ಕೇಳಿ ಹುಡುಕಿ ತಂದೆ, ಆಡಿದರೆ ಗುರುತಿಸದಿದ್ದದ್ದೇ ಸರಿ ಅನ್ನಿಸಿತು. ಯಾವ ಟಿವಿಯಲ್ಲಿ ಆಡಿದಿರಿ ಎಂದು ಕೇಳಿದರೆ, ಗೋಡೆಗೆ ತೂಗುಹಾಕಿದ ಹೊಸ ಟಿವಿಯ ಅಳತೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ನನ್ನ ತಾಳ್ಮೆ ಕೆಡುವುದು ಅಲ್ಲಿಯೇ.

1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೆಗಾ ಸ್ಯಾಟರ್ನ್ ಮತ್ತು ಸೋನಿ ಪ್ಲೇಸ್ಟೇಷನ್‌ಗಳ ಹೆಚ್ಚಿನ ಆಟಗಳು ಸುಮಾರು 240 ಸಾಲುಗಳ ಚಿತ್ರವನ್ನು ಕಳಿಸುತ್ತವೆ. ಪಿಕ್ಚರ್ ಟ್ಯೂಬ್ ಟಿವಿ ಅದನ್ನು ಬಂದಂತೆಯೇ ಪರದೆಯ ಮೇಲೆ ಮೂಡಿಸುತ್ತದೆ. ಹೊಸ ಟಿವಿಯಾದರೋ ಚಿತ್ರವನ್ನು ಮೊದಲು ಹಿಡಿದಿಟ್ಟುಕೊಂಡು, ಎಷ್ಟೋ ಸಲ ಅದನ್ನು 480 ಸಾಲುಗಳ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಸಾಲಿನಂತೆ ಎರಡು ಸರದಿಯಲ್ಲಿ ಬರುವ) ಚಿತ್ರವೆಂದು ತಪ್ಪಾಗಿ ಗ್ರಹಿಸಿ, ಹಿಂದುಮುಂದಿನ ಚಿತ್ರಗಳನ್ನು ಬೆರೆಸಿ, ಹಿಗ್ಗಿಸಿ ಆಮೇಲೆ ತೋರಿಸುತ್ತದೆ. ಚಿತ್ರ ಮಸುಕಾಗುವುದು ಇಲ್ಲಿ ಚಿಕ್ಕ ತೊಂದರೆ, ತಡವಾಗುವುದು ದೊಡ್ಡದು. ಈ ವಿಳಂಬ 100 ಮಿಲಿಸೆಕೆಂಡ್ ತಲುಪಿತೆಂದರೆ, ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ನೀವು ನೋಡುತ್ತಿರುವುದು ಆರು ಚಿತ್ರಗಳಷ್ಟು ಹಳೆಯ ಸಂಗತಿ. ಗುಂಡಿ ಒತ್ತಿದ್ದು ಸರಿಯಾಗಿಯೇ ಇರುತ್ತದೆ, ಆದರೆ ಒತ್ತಬೇಕಾಗಿದ್ದ ಕ್ಷಣ ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಇದಕ್ಕೆ ಅನ್ಯಾಯವಾಗಿ ಬಲಿಯಾಗುವ ಆಟವೆಂದರೆ 1999ರ 'ವಿಬ್-ರಿಬ್ಬನ್', ಸಂಗೀತದ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಬೇಕಾದ ಪ್ಲೇಸ್ಟೇಷನ್ ಆಟ. ಕಪ್ಪು ಪರದೆ, ಬಿಳಿಯ ಗೆರೆಗಳು, ಗೆರೆಯ ಮೇಲೆ ನಡೆಯುವ ಒಂದು ಮೊಲ, ಇಷ್ಟೇ. ಆಟವು ಕನ್ಸೋಲ್‌ನ ಮೆಮೊರಿಯಲ್ಲಿ ನಿಲ್ಲುವಷ್ಟು ಚಿಕ್ಕದಾದ್ದರಿಂದ, ಡಿಸ್ಕ್ ತೆಗೆದು ನಿಮ್ಮದೇ ಹಾಡಿನ ಸಿಡಿ ಹಾಕಿದರೆ ಆ ಸಂಗೀತದಿಂದಲೇ ಹೊಸ ಹಾದಿಯನ್ನು ರಚಿಸಿಕೊಡುತ್ತದೆ. ತಪ್ಪು ಹೆಚ್ಚಾದಂತೆ ಮೊಲ ಕಪ್ಪೆಯಾಗುತ್ತದೆ, ಬಳಿಕ ಹುಳುವಾಗುತ್ತದೆ. ಹೊಸ ಟಿವಿಯಲ್ಲಿ ಆಡಿದವರು ಮೊದಲ ಹಾಡಿನಲ್ಲೇ ಹುಳುವನ್ನು ನೋಡಿ, ಆಟಕ್ಕೆ ತಾಳವೇ ತಿಳಿಯದು ಎಂದು ನನ್ನ ಮುಂದೆ ದೂರುತ್ತಾರೆ!

ಒಬ್ಬರಂತೂ ಗುರಿ ಇಡುವ ಆಟದ ಲೈಟ್ ಗನ್, ಅಂದರೆ ಟಿವಿಯತ್ತ ಹಿಡಿದು ಆಡುವ ಆಟಿಕೆ ಬಂದೂಕು, ಕೆಟ್ಟಿದೆಯೆಂದು ತಂದಿದ್ದರು. ಆ ಕಾಲದ ಗನ್, ಟ್ಯೂಬಿನ ಪರದೆಯ ಮೇಲೆ ಓಡುವ ಬೆಳಕಿನ ಚುಕ್ಕಿಯನ್ನು ಗುರುತಿಸಿ ಗುರಿಯನ್ನು ಲೆಕ್ಕ ಹಾಕುತ್ತದೆ. ಎಲ್‌ಸಿಡಿಯಲ್ಲಿ ಆ ಚುಕ್ಕಿಯೇ ಇಲ್ಲ. ನನ್ನ ಮೇಜಿನ ಮೇಲಿನ ಟ್ಯೂಬ್ ಟಿವಿಗೆ ಜೋಡಿಸಿಕೊಟ್ಟೆ. ಅವರು ಹೊರಡುವ ಹೊತ್ತಿಗೆ ನನ್ನ ಉಳಿದ ಕೆಲಸವೆಲ್ಲ ನಿಂತಿತ್ತು, ಬೇಸರವೇನೂ ಆಗಲಿಲ್ಲ.

ಎಲ್ಲ ದೋಷವನ್ನೂ ಟಿವಿಯ ಮೇಲೆ ಹೊರಿಸಲಾಗದು ಎಂಬುದನ್ನೂ ಹೇಳಬೇಕು. ಪ್ಲೇಸ್ಟೇಷನ್‌ನ ಮೂರು ಆಯಾಮದ ಆಟಗಳಲ್ಲಿ ನೆಲ, ಗೋಡೆಗಳು ಅಲುಗಾಡುವುದು ಆ ಯಂತ್ರದ ಲೆಕ್ಕಾಚಾರದ ಮಿತಿ. ಯಾವ ಪರದೆಯೂ ಅದನ್ನು ಅಳಿಸದು. ಇನ್ನು 1998ರ 'ಪಾಂಜರ್ ಡ್ರ್ಯಾಗೂನ್ ಸಾಗಾ'ದ ಕಥೆ ಬೇರೆ. ನಾಲ್ಕು ಡಿಸ್ಕ್‌ಗಳ ಆ ಆಟವನ್ನು ವಿಮರ್ಶಕರು ಮೆಚ್ಚಿದ್ದರು, ಆದರೆ ಅದು ಬಂದದ್ದು ಸ್ಯಾಟರ್ನ್‌ನ ಕೊನೆಗಾಲದಲ್ಲಿ, ಜಪಾನಿನ ಹೊರಗಂತೂ ಕೆಲವೇ ಪ್ರತಿಗಳಲ್ಲಿ. ಅದರ ಕಾಳಗದಲ್ಲಿ ಕ್ಷಣಾರ್ಧದ ಚುರುಕಿಗಿಂತ ಯೋಚನೆಗೆ ಬೆಲೆ ಹೆಚ್ಚಾದ್ದರಿಂದ ಹೊಸ ಟಿವಿಯಲ್ಲೂ ನೆಮ್ಮದಿಯಾಗಿ ಆಡಬಹುದು.

ಉಳಿದ ಆಟಗಳಿಗೆ ಮೊದಲು ಟಿವಿಯ ಗೇಮ್ ಮೋಡ್ ಹಾಕಿ ನೋಡಿ. ಅದು ವಿಳಂಬವನ್ನು ಸಾಮಾನ್ಯವಾಗಿ ತಗ್ಗಿಸುತ್ತದೆ, ಆದರೆ 240 ಸಾಲುಗಳ ಗೊಂದಲವನ್ನು ಬಗೆಹರಿಸುವ ಭರವಸೆಯಿಲ್ಲ. ಹಳೆಯ ಕನ್ಸೋಲನ್ನು ಹೊಸ ಟಿವಿಗೆ ಜೋಡಿಸುವ ಅಗ್ಗದ ಎಚ್‌ಡಿಎಂಐ ಕನ್ವರ್ಟರ್‌ಗಳಲ್ಲಿ ಹಲವು ಅದೇ ತಪ್ಪನ್ನು ಟಿವಿಗಿಂತ ಮೊದಲೇ ಮಾಡಿ ಮುಗಿಸುತ್ತವೆ. ಕೊಳ್ಳುವುದಾದರೆ 240 ಸಾಲುಗಳನ್ನು ಸರಿಯಾಗಿ ಗುರುತಿಸುವ ಲೈನ್ ಡಬ್ಲರ್ (ಪ್ರತಿ ಸಾಲನ್ನೂ ಎರಡಾಗಿಸಿ ಟಿವಿಗೆ ಕಳಿಸುವ ಸಾಧನ) ಕೊಳ್ಳಿ. ಲೈಟ್ ಗನ್‌ಗೆ ಮಾತ್ರ ಅದೂ ನೆರವಾಗದು.