ಬೋರಿನ ಖರ್ಚನ್ನೂ ಬರೆಯಿರಿ

ಅಡಿಕೆ ತೋಟ ಮಾಡುವವರಿಗೆ ಲೆಕ್ಕ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಹೊಳಲ್ಕೆರೆ, ಚನ್ನಗಿರಿ, ಗುಬ್ಬಿ, ಯಾವ ಕಡೆಯವರು ಬಂದರೂ ಪುಸ್ತಕದಲ್ಲಿ ಗೊಬ್ಬರ ಇರುತ್ತೆ, ಗೊನೆ ಕೊಯ್ದ ಕೂಲಿ ಇರುತ್ತೆ, ಸುಲಿದ ಕೂಲಿಯೂ ಇರುತ್ತೆ. ಬೋರ್ ಮಾತ್ರ ಇರುವುದಿಲ್ಲ. ಕೇಳಿದರೆ, "ಅದು ಆಸ್ತಿ ಸಾರ್, ಖರ್ಚಲ್ಲ" ಅಂತಾರೆ.

ಆಸ್ತಿ ಅಂದಮೇಲೆ ಉಳಿಯಬೇಕು ಅಲ್ವಾ? ಕೊರೆತ, ಕೇಸಿಂಗ್, ಮೋಟಾರು, ಕೇಬಲ್ ಎಲ್ಲ ಸೇರಿ 4 ಲಕ್ಷ ಆಯ್ತು ಅಂದುಕೊಳ್ಳಿ. 5 ವರ್ಷ ನೀರು ಬಂತು, ಆಮೇಲೆ ನಿಂತಿತು. ಅಲ್ಲಿಗೆ ನೀರಿನ ಖರ್ಚು ವರ್ಷಕ್ಕೆ 80 ಸಾವಿರ. ಅದಕ್ಕೂ ಮುಂಚೆ ಫೇಲಾದ ಬೋರಿಗೆ ಒಂದೂವರೆ ಲಕ್ಷ ಹೋಗಿತ್ತಾ? ಅದನ್ನೂ ಸೇರಿಸಿ, 1 ಲಕ್ಷದ 10 ಸಾವಿರ. ಮೋಟಾರು ಮುಂದಿನ ಬೋರಿಗೂ ಆಗುತ್ತೆ ಅಂದರೆ ಅಷ್ಟನ್ನು ಬಿಡೋಣ. ಅಡಿಕೆ ಮಾರಿದ ದುಡ್ಡಲ್ಲಿ ಉಳಿದ ಬೋರಿನ ಖರ್ಚನ್ನೂ ಕಳೆದ ಮೇಲೆ ಕೈಗೆ ಬರುವುದು ಲಾಭ. 10 ಎಚ್‌ಪಿವರೆಗೆ ಕರೆಂಟು ಪುಕ್ಕಟೆ ಇರುವುದರಿಂದ ನೀರಿಗೂ ದುಡ್ಡು ಬೀಳುತ್ತಿದೆ ಅನ್ನುವುದೇ ಮರೆತುಹೋಗುತ್ತೆ.

ಒಬ್ಬರು ಇನ್ನೆರಡು ಎಕರೆ ಸಸಿ ಇಡಬೇಕು ಅಂತ ಬಂದಿದ್ದರು. ಬೋರ್ ಎಷ್ಟು ಕೊರೆಸಿದ್ರಿ ಅಂದರೆ ನೆನಪಿಲ್ಲ ಅಂದರು. ಅವರ ಮನೆಯವರಿಗೆ ಎಲ್ಲ ನೆನಪಿತ್ತು. ಯಾವ ಬೋರಿಗೆ ಸರ ಅಡವಿಟ್ಟಿದ್ದು, ಯಾವುದಕ್ಕೆ ಬಳೆ ಅಂತ ಒಂದೊಂದಾಗಿ ಹೇಳಿದರು. ಆ ಪಟ್ಟಿ ಬರೆದುಕೊಳ್ಳುವಾಗ ನನಗೆ ನಿಜಕ್ಕೂ ಸಂಕಟವಾಯಿತು.

9 ಅಡಿಗೊಂದು ಗಿಡ ಇಟ್ಟರೆ ಎಕರೆಗೆ 530ರಷ್ಟು ಕೂರುತ್ತೆ. ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಅಂದರೂ 10 ಸಾವಿರ ಲೀಟರ್ ದಾಟಿತು. ನಮ್ಮ ಕಡೆಯದು ಗಟ್ಟಿ ಬಂಡೆ, ನೀರು ನಿಲ್ಲುವುದು ಬಿರುಕಿನಲ್ಲಿ ಮಾತ್ರ. ಆಳದ ಬಿರುಕಿನ ನೀರು ಒಂದು ಮಳೆಗಾಲಕ್ಕೆ ತುಂಬುವಂಥದ್ದಲ್ಲ. ನೀವು ಇನ್ನಷ್ಟು ಆಳಕ್ಕೆ ಹೋದರೆ ಪಕ್ಕದವರ ಬೋರ್ ಬತ್ತಬಹುದು. ಆ ನಷ್ಟವನ್ನು ಯಾರೂ ತಮ್ಮ ಪುಸ್ತಕದಲ್ಲಿ ಬರೆಯುವುದಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳಿಗೆ ಬರ ಬಂತು. ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡವರು ನಮ್ಮಲ್ಲೇ ಇದ್ದಾರೆ.

ಅಡಿಕೆ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೊಂದು ಹೊಲದ ಕಲ್ಲು ಒಂದೊಂದು ಥರ, ನಾಲೆ ಬಯಲಿನವರ ಲೆಕ್ಕವೂ ಬೇರೆ. ಡ್ರಿಪ್ ಹಾಕಿದ್ದೀವಿ ಅಂತೀರಿ, ಒಳ್ಳೆಯದು. ಆದರೆ ಉಳಿದ ನೀರಿಗೆ ಮತ್ತೊಂದು ಎಕರೆ ಸಸಿ ಇಟ್ಟರೆ ಏನು ಉಳಿದ ಹಾಗಾಯ್ತು? ತೋಟ ಹೆಚ್ಚಿಸುವ ಮುಂಚೆ 200 ಲೀಟರಿನ ಡ್ರಮ್ಮು ಎಷ್ಟು ಹೊತ್ತಿಗೆ ತುಂಬುತ್ತೆ ಅಂತ ನೋಡಿ, ಬರೆದುಕೊಂಡು ಬನ್ನಿ. ಏಪ್ರಿಲ್ ಕೊನೆಯಲ್ಲಿ ನೋಡಿ. ಮಳೆಗಾಲದಲ್ಲಿ ಅಳೆದ ಲೆಕ್ಕ ಬೇಡ.