ನರವಾನರಗಳ ಎಡ–ಬಲ: ಕೈ, ಬಾಯಿ ಮತ್ತು ಮಿದುಳಿನ ಅಸಮಮಿತಿ ಕುರಿತ ಅಧ್ಯಯನ ಟಿಪ್ಪಣಿ

ಪ್ರಾಣಿವರ್ತನೆಯ ಪರೀಕ್ಷಾ ಪತ್ರಿಕೆಗಾಗಿ ಗಂಗಾವತಿಯಲ್ಲಿ ಭಾನುವಾರಗಳಂದು ಒಟ್ಟಿಗೆ ಕುಳಿತು ಓದುವ ನಾವು ಐವರು, ಕಳೆದ ಬಾರಿ ಒಂದೇ ಪ್ರಶ್ನೆಗೆ ಒಂದೇ ಬಗೆಯ ತಪ್ಪು ಉತ್ತರ ಬರೆದೆವು. ನರವಾನರಗಳ ಮಿದುಳಿನ ಅಸಮಮಿತಿಯು, ಅಂದರೆ ಎಡ–ಬಲ ಭಾಗಗಳು ಸಮನಾಗಿಲ್ಲದಿರುವುದು, ಭಾಷೆಯ ಮೂಲದ ಬಗ್ಗೆ ಏನನ್ನು ತಿಳಿಸುತ್ತದೆ ಎಂಬುದು ಪ್ರಶ್ನೆ. ಚಿಂಪಾಂಜಿಯ ಮಿದುಳಿನಲ್ಲೂ ಎಡಭಾಗವೇ ದೊಡ್ಡದು, ಆದ್ದರಿಂದ ಭಾಷೆಯ ಬೀಜ ಅದರಲ್ಲೂ ಇದೆ ಎಂದು ಐವರೂ ಎರಡು ಸಾಲಿನಲ್ಲಿ ಮುಗಿಸಿದ್ದೆವು. ಯಾವ ಭಾಗ ದೊಡ್ಡದು, ಅದರ ಗಡಿಯನ್ನು ಯಾವ ಗುರುತು ಹಿಡಿದು ಅಳೆದರು, ಎಷ್ಟು ಪ್ರಾಣಿಗಳಲ್ಲಿ ಅಳೆದರು ಎಂಬುದನ್ನು ಒಬ್ಬರೂ ಬರೆದಿರಲಿಲ್ಲ. ಈ ವಿಷಯದಲ್ಲಿ ಉತ್ತರವು ಅಳತೆಯ ಬೆನ್ನು ಹಿಡಿದೇ ಬರುತ್ತದೆ. ಅಳತೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಈ ಟಿಪ್ಪಣಿಯನ್ನು ಫಲಿತಾಂಶಗಳಿಗಿಂತ ಅಳತೆಗಳ ಕಡೆಗೆ ಹೆಚ್ಚು ಗಮನ ಕೊಟ್ಟು ಬರೆದಿದ್ದೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಯಬೇಕು. ಆನೆಗೊಂದಿಯ ಅಂಜನಾದ್ರಿ ಬೆಟ್ಟದ ಮೆಟ್ಟಿಲುಗಳ ಮೇಲೆ ನಮ್ಮ ಕೈಚೀಲಕ್ಕೆ ಕೈ ಹಾಕುವ ಕೋತಿಯಾಗಲಿ, ಬಂಡೆಯ ಮೇಲೆ ಉದ್ದ ಬಾಲ ಇಳಿಬಿಟ್ಟು ಕೂರುವ ಕರಿಮುಖದ ಮುಸಿಯವಾಗಲಿ ನರವಾನರಗಳಲ್ಲ. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್ ಇವು ದೊಡ್ಡ ನರವಾನರಗಳು, ಇವುಗಳಿಗೆ ಬಾಲವಿಲ್ಲ. ಭಾರತದ ಕಾಡಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಈಶಾನ್ಯ ರಾಜ್ಯಗಳಲ್ಲಿರುವ ಹೂಲಾಕ್ ಗಿಬ್ಬನ್‌ಗೂ ಬಾಲವಿಲ್ಲವಾದರೂ ಅದು ಸಣ್ಣ ನರವಾನರಗಳ ಗುಂಪಿಗೆ ಸೇರುತ್ತದೆ. ಕಿಷ್ಕಿಂಧೆಯ ನೆಲದಲ್ಲಿ ಬೆಳೆದ ನಮಗೆ ವಾನರ ಎಂದೊಡನೆ ಬಾಲವೇ ಕಣ್ಣಮುಂದೆ ಬರುವುದರಿಂದ ಈ ಎಚ್ಚರಿಕೆಯನ್ನು ಬರೆಯಬೇಕಾಯಿತು.

ಇನ್ನು ಹೋಲಿಕೆಯ ಆಧಾರ. 1861ರಲ್ಲಿ ಪಾಲ್ ಬ್ರೋಕಾ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಪರೀಕ್ಷಿಸಿ, ಎಡ ಅರ್ಧಗೋಳದ ಮುಂಭಾಗದ ಕೆಳಮಡಿಕೆಯಲ್ಲಿ ಗಾಯವಿರುವುದನ್ನು ತೋರಿಸಿದರು; ಆ ಭಾಗವನ್ನೇ ಬ್ರೋಕಾ ಪ್ರದೇಶ ಎನ್ನುತ್ತಾರೆ. 1874ರಲ್ಲಿ ಕಾರ್ಲ್ ವೆರ್ನಿಕೆ, ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿಯನ್ನು ಎಡ ಕಪೋಲ ಹಾಲೆಯ (ಕಿವಿಯ ಪಕ್ಕದಲ್ಲಿರುವ ಮಿದುಳಿನ ಭಾಗ) ಹಿಂಭಾಗಕ್ಕೆ ಜೋಡಿಸಿದರು. ಆ ಹಾಲೆಯ ಮೇಲ್ಮೈಯಲ್ಲಿ, ಮಿದುಳಿನ ಪಕ್ಕದಲ್ಲಿರುವ ಆಳವಾದ ಸಿಲ್ವಿಯನ್ ಬಿರುಕಿನ ಒಳಗೆ ಅಡಗಿರುವ ಚಪ್ಪಟೆ ತ್ರಿಕೋನವೇ ಪ್ಲೇನಮ್ ಟೆಂಪೊರಾಲೆ. 1968ರಲ್ಲಿ ಗೆಶ್ವಿಂಡ್ ಮತ್ತು ಲೆವಿಟ್ಸ್ಕಿ 100 ಮಾನವ ಮಿದುಳುಗಳಲ್ಲಿ ಅದನ್ನು ಅಳೆದಾಗ 65ರಲ್ಲಿ ಎಡಭಾಗದ್ದು, 11ರಲ್ಲಿ ಬಲಭಾಗದ್ದು ದೊಡ್ಡದಾಗಿತ್ತು. ಉಳಿದ 24ರಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಭಾಷೆ ಮನುಷ್ಯನಿಗೆ ಮಾತ್ರ ಇರುವುದರಿಂದ ಈ ಅಸಮಮಿತಿಯೂ ಮನುಷ್ಯನಿಗೆ ಮಾತ್ರ ಇರಬೇಕು ಎಂಬ ನಂಬಿಕೆ ಅಲ್ಲಿಂದ ಗಟ್ಟಿಯಾಯಿತು.

ಆ ನಂಬಿಕೆ ಮೂವತ್ತು ವರ್ಷ ಬಾಳಿತು. 1998ರಲ್ಲಿ ಗ್ಯಾನನ್ ಮತ್ತು ಸಂಗಡಿಗರು ಅದೇ ತ್ರಿಕೋನವನ್ನು 18 ಚಿಂಪಾಂಜಿ ಮಿದುಳುಗಳಲ್ಲಿ ಅಳೆದರು. 17ರಲ್ಲಿ ಎಡಭಾಗದ್ದೇ ದೊಡ್ಡದಾಗಿತ್ತು. ಪ್ರಮಾಣದ ಲೆಕ್ಕದಲ್ಲಿ ಇದು ಮನುಷ್ಯರಲ್ಲಿ ಕಂಡದ್ದಕ್ಕಿಂತಲೂ ಹೆಚ್ಚು. 2001ರಲ್ಲಿ ಕ್ಯಾಂಟಲೂಪೊ ಮತ್ತು ಹಾಪ್ಕಿನ್ಸ್ 20 ಚಿಂಪಾಂಜಿ, 5 ಬೊನೊಬೊ ಮತ್ತು 2 ಗೊರಿಲ್ಲಾಗಳ ಎಂಆರ್‌ಐ ಚಿತ್ರಗಳಲ್ಲಿ ಬ್ರೋಕಾ ಪ್ರದೇಶಕ್ಕೆ ಸಮನಾದ ಭಾಗವನ್ನು ಅಳೆದು, ಅಲ್ಲಿಯೂ ಎಡಭಾಗವೇ ದೊಡ್ಡದೆಂದು ವರದಿ ಮಾಡಿದರು. ನಮ್ಮ ಐವರ ಉತ್ತರ ಇಲ್ಲಿಗೇ ನಿಂತಿತ್ತು.

ಆದರೆ ಎಂಆರ್‌ಐ ಚಿತ್ರದಲ್ಲಿ ಗಡಿಯ ಗುರುತಾಗಿ ಸಿಗುವುದು ಮಿದುಳಿನ ಮೇಲಿನ ಮಡಿಕೆ ಮತ್ತು ಗೆರೆಗಳು ಮಾತ್ರ. ಬ್ರೋಕಾ ಪ್ರದೇಶವನ್ನು, ಅಂದರೆ ಮಿದುಳಿನ ಭಾಗಗಳಿಗೆ ಸಂಖ್ಯೆ ಕೊಟ್ಟ ಬ್ರಾಡ್‌ಮನ್ ಪಟ್ಟಿಯ 44 ಮತ್ತು 45ನೇ ಪ್ರದೇಶಗಳನ್ನು, ನಿಜವಾಗಿ ಗುರುತಿಸುವುದು ಜೀವಕೋಶಗಳ ಪದರಗಳು ಜೋಡಣೆಗೊಂಡ ರೀತಿಯಿಂದ. ಅದನ್ನು ನೋಡಲು ಮಿದುಳನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ನಮ್ಮ ಕಡೆಯ ಹೊಲಗಳಲ್ಲಿ ಬದು ಒಂದು ಕಡೆ, ಸರ್ವೆ ಕಲ್ಲು ಇನ್ನೊಂದು ಕಡೆ ಇರುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಬದುವಿನ ಲೆಕ್ಕದಲ್ಲಿ ಮೂರು ಎಕರೆ ಎನಿಸಿದ ಹೊಲ ಕಲ್ಲಿನ ಲೆಕ್ಕದಲ್ಲಿ ಎರಡೂವರೆ ಆಗಬಹುದು. 2010ರಲ್ಲಿ ಶೆಂಕರ್ ಮತ್ತು ಸಂಗಡಿಗರು ಚಿಂಪಾಂಜಿಗಳ ಈ ಪ್ರದೇಶಗಳನ್ನು ಜೀವಕೋಶದ ಗಡಿ ಹಿಡಿದು ಅಳೆದಾಗ ಗುಂಪಿನ ಮಟ್ಟದ ಎಡ ಒಲವು ಕಾಣಲಿಲ್ಲ. ಅವರಿಗೆ ಕಂಡ ದೊಡ್ಡ ವ್ಯತ್ಯಾಸ ಬೇರೆಯದು: ಮನುಷ್ಯನ ಒಟ್ಟು ಮಿದುಳು ಚಿಂಪಾಂಜಿಯದಕ್ಕಿಂತ ಮೂರೂವರೆ ಪಟ್ಟಿನಷ್ಟು ದೊಡ್ಡದಿದ್ದರೆ, 44 ಮತ್ತು 45ನೇ ಪ್ರದೇಶಗಳು ಸುಮಾರು 6 ಪಟ್ಟು ದೊಡ್ಡವು. 2001ರ ಫಲಿತಾಂಶ ಸುಳ್ಳು ಎಂದು ಇದರಿಂದ ತೀರ್ಮಾನಿಸಬಾರದು. ಅದು ಬದುವಿನ ಅಳತೆ, ಇದು ಕಲ್ಲಿನ ಅಳತೆ; ಉತ್ತರಪತ್ರಿಕೆಯಲ್ಲಿ ಎರಡನ್ನೂ ಅವುಗಳ ವಿಧಾನದೊಡನೆ ಬರೆಯಬೇಕು.

ಪ್ಲೇನಮ್ ಟೆಂಪೊರಾಲೆಯ ಕಥೆ ಹಾಗಲ್ಲ. ಅಲ್ಲಿ ಜೀವಕೋಶ ಮಟ್ಟದ ಅಧ್ಯಯನವೂ ಚಿಂಪಾಂಜಿಗಳಲ್ಲಿ ಎಡ ಒಲವನ್ನೇ ತೋರಿಸಿದೆ. ಆದರೆ 2021ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬಬೂನ್ ಮರಿಗಳಲ್ಲೂ ಅದೇ ಎಡ ಒಲವನ್ನು ಕಂಡಿತು. ಬಬೂನ್ ನರವಾನರವಲ್ಲ, ಬಾಲವುಳ್ಳ ಕೋತಿಯ ಜಾತಿ. ಮಾತಿಲ್ಲದ ಬಬೂನಿನ ಮರಿಯಲ್ಲೂ ಇರುವ ಅಸಮಮಿತಿಯನ್ನು ಮಾತೇ ಉಂಟುಮಾಡಿತು ಎನ್ನಲಾಗದು. ಮಾತಿಗಿಂತ ಬಹಳ ಹಿಂದೆ, ಬೇರೆ ಯಾವುದೋ ಕೆಲಸಕ್ಕೆ ರೂಪುಗೊಂಡ ಏರ್ಪಾಟನ್ನು ಭಾಷೆ ಆಮೇಲೆ ಬಳಸಿಕೊಂಡಿರಬಹುದು ಎನ್ನುವುದು ಹೆಚ್ಚು ಸಮಂಜಸವಾದ ಓದು. 2020ರಲ್ಲಿ ನ್ಯೂಬಾವರ್ ಮತ್ತು ಸಂಗಡಿಗರು ತಲೆಬುರುಡೆಯ ಒಳಮೈಯ ಅಚ್ಚುಗಳನ್ನು ಹೋಲಿಸಿ, ಮಿದುಳಿನ ಒಟ್ಟು ಆಕಾರದ ಅಸಮಮಿತಿಯ ಮಾದರಿಯನ್ನು ಮನುಷ್ಯರೂ ನರವಾನರಗಳೂ ಬಹುಮಟ್ಟಿಗೆ ಹಂಚಿಕೊಂಡಿವೆ ಎಂದು ತೋರಿಸಿದ್ದೂ ಇದೇ ದಿಕ್ಕಿಗೆ ಸೇರುತ್ತದೆ.

ಈಗ ಎರಡು ಸೂತ್ರಗಳು. ಇವುಗಳ ಚಿಹ್ನೆಯಲ್ಲಿ ನಾನು ಎರಡು ಸಲ ಎಡವಿದ್ದೇನೆ. ಕೈಯ ಒಲವಿನ ಸೂಚ್ಯಂಕವೆಂದರೆ ಬಲಗೈ ಬಳಕೆಯಿಂದ ಎಡಗೈ ಬಳಕೆಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ್ದು. 14 ಸಲ ಬಲಗೈ, 6 ಸಲ ಎಡಗೈ ಬಳಸಿದರೆ 8ನ್ನು 20ರಿಂದ ಭಾಗಿಸಿ +0.40 ಬರುತ್ತದೆ, ಧನ ಚಿಹ್ನೆ ಎಂದರೆ ಬಲಗೈ. ಮಿದುಳಿನ ಅಸಮಮಿತಿ ಸೂಚ್ಯಂಕದಲ್ಲಿಯೂ ಬಲದಿಂದ ಎಡವನ್ನೇ ಕಳೆಯುತ್ತಾರೆ, ಆದರೆ ಮೊತ್ತದ ಅರ್ಧದಿಂದ ಭಾಗಿಸುತ್ತಾರೆ. ಅಭ್ಯಾಸಕ್ಕಾಗಿ ಎಡಭಾಗ 320, ಬಲಭಾಗ 280 ಎಂದಿಟ್ಟುಕೊಂಡರೆ –40ನ್ನು 300ರಿಂದ ಭಾಗಿಸಿ –0.13 ಬರುತ್ತದೆ, ಋಣ ಚಿಹ್ನೆ ಎಂದರೆ ಎಡ ಮಿದುಳು ದೊಡ್ಡದು. ಬಲಗೈಯನ್ನು ನಡೆಸುವುದು ಎಡ ಮಿದುಳು. ಹೀಗಾಗಿ ಕೈಗೂ ಮಿದುಳಿಗೂ ನಿರೀಕ್ಷಿತ ಸಂಬಂಧವಿದ್ದರೆ ಒಂದು ಅಂಕಿ ಧನ, ಇನ್ನೊಂದು ಋಣವಾಗಿರಬೇಕು, ಮತ್ತು ಸಹಸಂಬಂಧ (ಎರಡು ಅಂಕಿಗಳು ಜೊತೆಜೊತೆಗೆ ಬದಲಾಗುವ ರೀತಿಯ ಅಳತೆ) ಋಣವಾಗಿ ಬಂದರೆ ಅದು ಊಹೆಯನ್ನು ಬೆಂಬಲಿಸುತ್ತದೆ. ಋಣ ಎಂದು ಕಂಡೊಡನೆ ಸಂಬಂಧವಿಲ್ಲ ಎಂದು ಬರೆದುಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು.

ಕೈಯ ಒಲವಿನ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಾದದ್ದು ಕೊಳವೆ ಪರೀಕ್ಷೆ. ಪಿವಿಸಿ ಕೊಳವೆಯ ಒಳಗೆ ಶೇಂಗಾ ಬೆಣ್ಣೆ ಸವರಿ ಕೊಡುತ್ತಾರೆ. ಪ್ರಾಣಿ ಒಂದು ಕೈಯಲ್ಲಿ ಕೊಳವೆ ಹಿಡಿದು ಇನ್ನೊಂದು ಕೈಯ ಬೆರಳಿನಿಂದ ಬೆಣ್ಣೆ ತೆಗೆಯಬೇಕು. ನೆಲದ ಮೇಲೆ ಬಿದ್ದ ಕಾಳನ್ನು ಎತ್ತಿಕೊಳ್ಳುವಾಗ ಹತ್ತಿರದ ಕೈಯೇ ಮುಂದಾಗುತ್ತದೆ, ಅದರಿಂದ ಏನೂ ತಿಳಿಯದು; ಎರಡು ಕೈಗೂ ಬೇರೆ ಬೇರೆ ಕೆಲಸ ಬಿದ್ದಾಗ ಮಾತ್ರ ಒಲವು ಹೊರಗೆ ಬರುತ್ತದೆ ಎಂಬುದು ಈ ಪರೀಕ್ಷೆಯ ಹಿಂದಿನ ತರ್ಕ. 2011ರಲ್ಲಿ ಹಾಪ್ಕಿನ್ಸ್ ಮತ್ತು ಸಂಗಡಿಗರು ಮನುಷ್ಯರ ಆಶ್ರಯದಲ್ಲಿದ್ದ 777 ನರವಾನರಗಳ ಮಾಹಿತಿ ಒಟ್ಟುಗೂಡಿಸಿದರು. ಚಿಂಪಾಂಜಿ, ಬೊನೊಬೊ ಮತ್ತು ಗೊರಿಲ್ಲಾಗಳು ಬಲಗೈಯ ಕಡೆಗೆ, ಒರಾಂಗುಟಾನ್‌ಗಳು ಎಡಗೈಯ ಕಡೆಗೆ ವಾಲಿದ್ದವು. ಒಲವು ಮನುಷ್ಯರಷ್ಟು ಬಿಗಿಯಾಗಿಲ್ಲ. ಮನುಷ್ಯರಲ್ಲಿ ನಮ್ಮ ಕಡೆ ರೊಡ್ಡ ಎಂದು ಕರೆಯುವ ಎಡಗೈಯವರು ಹತ್ತರಲ್ಲಿ ಒಬ್ಬರಷ್ಟೇ ಸಿಗುತ್ತಾರೆ.

ಕಾಡಿಗೆ ಹೋದರೆ ಚಿತ್ರ ಇನ್ನಷ್ಟು ಕದಡುತ್ತದೆ. ಜೇನ್ ಗುಡಾಲ್ 1960ರಲ್ಲಿ ಕೆಲಸ ಆರಂಭಿಸಿದ ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಗಳು ಹುತ್ತದ ತೂತಿಗೆ ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿಯುತ್ತವೆ. ಆ ಕೆಲಸಕ್ಕೆ ಅವು ಹೆಚ್ಚಾಗಿ ಎಡಗೈ ಬಳಸುತ್ತವೆ ಎಂದು 2005ರಲ್ಲಿ ಲೋನ್ಸ್‌ಡಾರ್ಫ್ ಮತ್ತು ಹಾಪ್ಕಿನ್ಸ್ ಕಂಡರು. ಪಶ್ಚಿಮ ಆಫ್ರಿಕದಲ್ಲಿ ಕಲ್ಲಿನಿಂದ ಕಾಯಿ ಒಡೆಯುವಾಗ ಅದೇ ಜಾತಿಯ ಪ್ರಾಣಿಗಳ ಒಲವು ಬಲಗೈ. ಹಾಗಾದರೆ ಚಿಂಪಾಂಜಿ ಬಲಗೈಯದೋ ಎಡಗೈಯದೋ ಎಂದು ಕೇಳಿದರೆ, ಯಾವ ಕೆಲಸದಲ್ಲಿ ಎಂದು ತಿರುಗಿ ಕೇಳುವುದೇ ಸರಿಯಾದ ಉತ್ತರ. ದಿನನಿತ್ಯದ ಬಹುತೇಕ ಚಲನೆಗಳಲ್ಲಿ ಕಾಡಿನ ಚಿಂಪಾಂಜಿಗಳು ಎರಡೂ ಕೈಗಳನ್ನು ಸಮನಾಗಿ ಬಳಸುತ್ತವೆ ಎಂಬ ಮೆಕ್‌ಗ್ರೂ ಮತ್ತು ಮರ್ಚಂಟ್ ಅವರ ವಾದವನ್ನೂ ಇಲ್ಲಿ ಸೇರಿಸಬೇಕು.

ಸಂವಹನದ ಭಾಗದಲ್ಲಿ ಪಠ್ಯಗಳು ವಾಷೋ, ನಿಮ್ ಎಂಬ ಚಿಂಪಾಂಜಿಗಳು ಮತ್ತು ಕಾಂಜಿ ಎಂಬ ಬೊನೊಬೊ, ಈ ತರಬೇತಿ ಪಡೆದ ಪ್ರಾಣಿಗಳ ಮೇಲೆ ಪುಟಗಟ್ಟಲೆ ಖರ್ಚು ಮಾಡುತ್ತವೆ. ನನಗೆ ಅದು ಅತಿಯಾಯಿತೆನಿಸುತ್ತದೆ. ವಾಷೋ ಕೈಸನ್ನೆಗಳನ್ನು ಕಲಿತಳು, ನಿಮ್‌ನ ಸನ್ನೆಗಳು ವಾಕ್ಯಗಳಲ್ಲ ಎಂದು ಅದಕ್ಕೆ ಕಲಿಸಿದ ಸಂಶೋಧಕ ಟೆರೇಸ್ 1979ರಲ್ಲಿ ವಾದಿಸಿದರು, 1980ರಲ್ಲಿ ಹುಟ್ಟಿದ ಬೊನೊಬೊ ಕಾಂಜಿ ಚಿತ್ರಫಲಕದ ಗುರುತುಗಳನ್ನು ಸಾಕುತಾಯಿಗೆ ಕಲಿಸುವಾಗ ನೋಡಿಯೇ ಕಲಿತ. ಇಷ್ಟು ತಿಳಿದರೆ ಸಾಕು. ಕಾಡಿನಲ್ಲಿ ತಾವಾಗಿಯೇ ಅವು ಏನು ಮಾಡುತ್ತವೆ ಎಂಬುದೇ ಹೆಚ್ಚು ಬೆಲೆಯುಳ್ಳದ್ದು. ಉಗಾಂಡದ ಬುಡೊಂಗೊ ಕಾಡಿನಲ್ಲಿ ಹೋಬೇಟರ್ ಮತ್ತು ಬರ್ನ್ ಕನಿಷ್ಠ 66 ಬಗೆಯ ಸನ್ನೆಗಳನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಎದುರಿನ ಪ್ರಾಣಿ ನೋಡುತ್ತಿದೆಯೇ ಎಂದು ಗಮನಿಸುವುದು, ಸನ್ನೆ ಮಾಡಿ ಕಾಯುವುದು, ಬಯಸಿದ್ದು ಆಗದಿದ್ದರೆ ಮತ್ತೆ ಮಾಡುವುದು ಇವು ಉದ್ದೇಶಪೂರ್ವಕ ಸನ್ನೆಯ ಲಕ್ಷಣಗಳು. ಕೂಗಿನಲ್ಲಿಯೂ ಇಂಥ ಜಾಣತನ ಇಲ್ಲದಿಲ್ಲ. 2012ರ ಪ್ರಯೋಗದಲ್ಲಿ ದಾರಿಯಲ್ಲಿ ಹಾವಿನ ಬೊಂಬೆ ಇಟ್ಟಾಗ, ಹಾವನ್ನು ಇನ್ನೂ ನೋಡದ ಸಂಗಾತಿಗಳು ಬಳಿಯಿದ್ದರೆ ಚಿಂಪಾಂಜಿಗಳು ಹೆಚ್ಚು ಎಚ್ಚರಿಕೆ ಕೂಗು ಹಾಕಿದವು.

ಕೈ, ಕೂಗು ಮತ್ತು ಮಿದುಳು ಮೂರೂ ಕೂಡುವ ಜಾಗ ಬಾಯಿ, ಮತ್ತು ಇಡೀ ಅಧ್ಯಾಯದಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಪಂಜರದಾಚೆ ಊಟ ಕಂಡ ಕೆಲವು ಚಿಂಪಾಂಜಿಗಳು ಪಾಲಕನ ಗಮನ ಸೆಳೆಯಲು ತುಟಿಗಳ ನಡುವೆ ಗಾಳಿ ಬಿಟ್ಟು ಪುರ್ರೆಂದು ಸದ್ದು ಮಾಡುತ್ತವೆ. ಇದು ಕಾಡಿನ ಚಿಂಪಾಂಜಿಗಳ ಸಹಜ ಕೂಗುಗಳ ಸಾಲಿನದಲ್ಲ, ಕಲಿತದ್ದು. 2008ರ ಅಧ್ಯಯನವೊಂದರಲ್ಲಿ ಲೋಸಿನ್ ಮತ್ತು ಸಂಗಡಿಗರು ಕೂಗುವಾಗಿನ ಬಾಯಿಯನ್ನು ಚಿತ್ರಗಳಲ್ಲಿ ನಡುವೆ ಗೆರೆ ಎಳೆದು ಅಳೆದರು. ಹುಟ್ಟಿನಿಂದ ಬಂದ ಕೂಗುಗಳಲ್ಲಿ ಬಾಯಿಯ ಎಡಭಾಗ ಹೆಚ್ಚು ತೆರೆದಿತ್ತು. ಕಲಿತ ಸದ್ದುಗಳಲ್ಲಿ ಬಲಭಾಗ ಹೆಚ್ಚು ತೆರೆದಿತ್ತು, ಅಂದರೆ ಅಲ್ಲಿ ಎಡ ಮಿದುಳಿನ ಪಾಲು ಹೆಚ್ಚು. ಅದೇ ವರ್ಷ ಟ್ಯಾಗ್ಲಿಯಲಾಟೆಲಾ ಮತ್ತು ಸಂಗಡಿಗರು, ಚಿಂಪಾಂಜಿಗಳು ಸನ್ನೆ ಮತ್ತು ಸದ್ದಿನಿಂದ ಆಹಾರ ಬೇಡಿದ ಬಳಿಕ ಪೆಟ್ ಸ್ಕ್ಯಾನ್ (ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡಿತು ಎಂದು ತೋರಿಸುವ ಚಿತ್ರಣ) ಮಾಡಿ, ಬ್ರೋಕಾ ಪ್ರದೇಶಕ್ಕೆ ಸಮನಾದ ಎಡಭಾಗ ಚುರುಕಾಗಿದ್ದುದನ್ನು ಕಂಡರು. ಪ್ರಾಣಿಗಳ ಸಂಖ್ಯೆ ಮೂರು ಮಾತ್ರ ಎಂಬುದನ್ನು ಉತ್ತರದಲ್ಲಿ ಬಿಡಬೇಡಿ. ಗಾತ್ರದ ಜಗಳದಲ್ಲಿ ಸಿಗದ ಸುಳಿವು ಹೀಗೆ ಕೆಲಸದ ಅಳತೆಯಲ್ಲಿ ಸಿಗುತ್ತದೆ.

ಸಂಖ್ಯೆಯ ಮಾತು ಬಂದದ್ದರಿಂದ ನನ್ನದೇ ಒಂದು ಹಾಳೆಯ ಲೆಕ್ಕವನ್ನೂ ಇಲ್ಲಿಡುತ್ತೇನೆ. ಒಂದು ಬೆಳಿಗ್ಗೆ ಅಂಜನಾದ್ರಿಯ ಕೆಳಗಿನ ಮೆಟ್ಟಿಲುಗಳ ಬಳಿ ಕುಳಿತು, ಭಕ್ತರು ಎಸೆದ ಶೇಂಗಾ ಕಾಯಿಗಳನ್ನು ಕೋತಿಗಳು ಯಾವ ಕೈಯಲ್ಲಿ ಎತ್ತಿಕೊಳ್ಳುತ್ತವೆ ಎಂದು ಗೀಟು ಹಾಕುತ್ತಾ ಹೋದೆ. ಬಲಗೈ 40, ಎಡಗೈ 21. ಪ್ರತಿ ಗೀಟೂ ಸ್ವತಂತ್ರವೆಂದು ಭಾವಿಸಿ ಲೆಕ್ಕ ಹಾಕಿದರೆ ಜೆಡ್ ಬೆಲೆ 2.43; ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದಲ್ಲಿ ಬಳಸುವ 1.96ರ ಗೆರೆ ದಾಟಿತೆಂದು ಹಿಗ್ಗಿದೆ. ಮನೆಗೆ ಬಂದು ನೋಡಿದಾಗ, ಎಡಗಿವಿ ಹರಿದಿದ್ದ ದೊಡ್ಡ ಗಂಡೊಂದರ ಮುಂದೆ ನಾನು ಹಾಕಿದ್ದ ಚುಕ್ಕೆ 20 ಗೀಟುಗಳ ಮೇಲಿತ್ತು: ಬಲಗೈ 19, ಎಡಗೈ 1. ಅದು ಗೋಡೆಗೆ ಎಡ ಮಗ್ಗುಲು ಒರಗಿಸಿ ಕುಳಿತಿದ್ದರಿಂದ ಬಲಗೈಯಷ್ಟೇ ಬಿಡುವಾಗಿತ್ತು. ಅದನ್ನು ತೆಗೆದರೆ ಉಳಿದ ಕೋತಿಗಳ ಲೆಕ್ಕ ಬಲಗೈ 21, ಎಡಗೈ 20.