ಬಿಟ್ಟು ಬಿಟ್ಟು ಟಿಕ್ ಎನ್ನುವ ಲೋಹಶೋಧಕ

ದಿಮ್ಮಿಯ ಹತ್ತಿರಕ್ಕೆ ಒಯ್ಯುವ ಮೊದಲೇ ಸ್ಪೀಕರ್ ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಸುತ್ತ ಲೋಹದ ಚೂರೂ ಇರಲಿಲ್ಲ, ಕೈಗಡಿಯಾರವನ್ನೂ ಬಿಚ್ಚಿಟ್ಟಿದ್ದೆ. ಸುಂಟಿಕೊಪ್ಪದ ಬಳಿ ಗೆಳೆಯರ ಕಾಫಿ ತೋಟದಲ್ಲಿ, ಕಡಿದು ಮಲಗಿಸಿದ ಸಿಲ್ವರ್ ಓಕ್ ದಿಮ್ಮಿಗಳ ನಡುವೆ ನಿಂತು, ನಾನೇ ಕಟ್ಟಿದ ಸರ್ಕ್ಯೂಟಿನಲ್ಲಿ ಎಲ್ಲೋ ಬೆಸುಗೆ ಬಿಟ್ಟಿರಬೇಕು ಎಂದುಕೊಂಡೆ. ನಿಜವಾದ ಕಾರಣ ತಿಳಿಯಲು ಮೂರು ವಾರ ಹಿಡಿಯಿತು.

ಈ ಲೋಹಶೋಧಕವನ್ನು ಕಟ್ಟಿದ್ದು ಮೊಳೆಗಳಿಗಾಗಿ. ಕರಿಮೆಣಸಿನ ಬಳ್ಳಿ ಹಬ್ಬಿಸಿದ ಮರಗಳಿಗೆ ತಂತಿ ಬಿಗಿಯಲೆಂದೋ ನಂಬರಿನ ತಗಡು ಕೂರಿಸಲೆಂದೋ ಯಾರೋ ಎಂದೋ ಮೊಳೆ ಹೊಡೆದಿರುತ್ತಾರೆ. ಇಪ್ಪತ್ತು ವರ್ಷದಲ್ಲಿ ಮರ ಅದನ್ನು ನುಂಗಿ ತೊಗಟೆ ಮುಚ್ಚಿಕೊಳ್ಳುತ್ತದೆ. ಸಾಮಿಲ್ಲಿನ ಗರಗಸದ ಪಟ್ಟಿ ಅಂಥ ಮೊಳೆಗೆ ತಾಗಿದರೆ ಹಲ್ಲುಗಳು ಹಾರುತ್ತವೆ, ಎದುರು ನಿಂತವರ ಕಣ್ಣಿಗೂ ಅಪಾಯ. ಲೋಹಶೋಧಕ ಕಂಡ ಕೂಡಲೇ ಕೊಡವ ಕುಟುಂಬದ ಹಳೆಯ ಮೂಲಮನೆಯಾದ ಐನ್‌ಮನೆಯ ಅಂಗಳದಲ್ಲಿ ನಿಧಿ ಹುಡುಕೋಣವೇ ಎಂದು ಕೇಳುವವರೂ ಇದ್ದಾರೆ. ಅವರಿಗೆ ನಾನು ನಿಧಿ ಕಾಯ್ದೆಯನ್ನು ನೆನಪಿಸುತ್ತೇನೆ: ನೆಲದಡಿ ನಿಧಿ ಸಿಕ್ಕರೆ ಸಿಕ್ಕವರು ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಪಲ್ಸ್ ಇಂಡಕ್ಷನ್ ಬಗೆಯ ಶೋಧಕ ಕೆಲಸ ಮಾಡುವುದು, ಗದ್ದೆಯ ಈಚೆ ದಡದಿಂದ ಆಚೆಯ ಮನೆಯವರನ್ನು ಕೂಗಿ ಕರೆದು, ಉಸಿರು ಬಿಗಿಹಿಡಿದು ಉತ್ತರಕ್ಕೆ ಕಿವಿಗೊಟ್ಟಂತೆ. ಎನಾಮಲ್ ತಂತಿಯನ್ನು ಸುಮಾರು 25 ಸುತ್ತು ಸುತ್ತಿದ ಕಾಯಿಲ್‌ಗೆ ಸುಮಾರು 100 ಮೈಕ್ರೊಸೆಕೆಂಡಿನ ಕಾಲ 12 ವೋಲ್ಟ್ ಕೊಟ್ಟು ತಟ್ಟನೆ ನಿಲ್ಲಿಸುತ್ತೇವೆ. ಅಷ್ಟರೊಳಗೆ ವಿದ್ಯುತ್ 3 ಆಂಪಿಯರ್ ಹತ್ತಿರಕ್ಕೆ ಏರಿರುತ್ತದೆ. ಕಾಂತಕ್ಷೇತ್ರ ಕುಸಿಯುವಾಗ ಹತ್ತಿರದ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಕೆಲವು ಹತ್ತು ಮೈಕ್ರೊಸೆಕೆಂಡು ಸುತ್ತಿ ಆರುತ್ತದೆ. ಅದರ ಕ್ಷೀಣ ಛಾಯೆಯನ್ನು ಅದೇ ಕಾಯಿಲ್ ಹಿಡಿಯುತ್ತದೆ, ಆಂಪ್ಲಿಫೈಯರ್ ಅದನ್ನು ಸಾವಿರ ಪಟ್ಟು ಹಿಗ್ಗಿಸುತ್ತದೆ. ಇಷ್ಟೂ ಸೆಕೆಂಡಿಗೆ 600 ಸಲ.

ಕಷ್ಟವಿರುವುದು ಕೂಗಿಗೂ ಕಿವಿಗೂ ನಡುವಿನ ಆ ಗಳಿಗೆಯಲ್ಲಿ. ವಿದ್ಯುತ್ ಕಡಿದ ಕೂಡಲೇ ಕಾಯಿಲ್‌ನ ತುದಿಯಲ್ಲಿ ನೂರಾರು ವೋಲ್ಟ್ ಏಳುತ್ತದೆ (ವಿದ್ಯುತ್ ಕಡಿಯುವ ಸ್ವಿಚ್ಚಾದ ಮಾಸ್ಫೆಟ್‌ನ ಆ ತುದಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು). ಕಾಯಿಲ್ ಮತ್ತು ಅದರ ಸುತ್ತುಗಳ ನಡುವಿನ ಕೆಪಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಸೇರಿ, ಬಡಿದ ಗಂಟೆಯಂತೆ ಅನುರಣಿಸುತ್ತವೆ. ಅದನ್ನು ಅಡಗಿಸಲು ಕಾಯಿಲ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಬೇಕು. ಅದರ ರೋಧ ಹೆಚ್ಚಾದರೆ ಗಂಟೆಯ ನಾದ ನಿಲ್ಲದು. ಕಡಿಮೆಯಾದರೆ ಅಲೆ ನಿಧಾನವಾಗಿ ಇಳಿದು, ಮೊಳೆಯ ಉತ್ತರ ಅದರಡಿ ಮುಚ್ಚಿಹೋಗುತ್ತದೆ. ಕಾಯಿಲ್ ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ, ಅಂದರೆ ಇಂಡಕ್ಟನ್ಸ್, 300 ಮೈಕ್ರೊಹೆನ್ರಿ, 200 ಪಿಕೊಫ್ಯಾರಡ್ ಕೆಪಾಸಿಟನ್ಸ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ ಬರುವುದು ಸುಮಾರು 610 ಓಮ್. ಆದರೂ ಲೆಕ್ಕವನ್ನು ನಂಬಿ ಕೂರಬಾರದು. ರೋಧವನ್ನು ತಿರುಗಿಸಿ ಬದಲಿಸಬಹುದಾದ ಒಂದು ಪೊಟೆನ್ಶಿಯೋಮೀಟರ್ ಹಾಕಿ, ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ ಅಲೆ ಬೇಗನೆ ಸೊನ್ನೆಗಿಳಿಯುವ ಬಿಂದುವನ್ನು ಹಿಡಿದು, ಅಷ್ಟೇ ರೋಧದ ರೆಸಿಸ್ಟರನ್ನೇ ಬೆಸೆಯಬೇಕು.

ಟಿಕ್‌ನ ಕಾರಣ ಹುಡುಕುತ್ತ ಮಡಿಕೇರಿಯ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ, ನನ್ನ ಮೊದಲ ತಪ್ಪು ಕಂಡದ್ದು ಇಲ್ಲೇ. ಬಿಸಿ ತಾಳಲೆಂದು 5 ವ್ಯಾಟ್‌ನ ಬಿಳಿ ಪಿಂಗಾಣಿ ರೆಸಿಸ್ಟರ್ ಹಾಕಿದ್ದೆ. ಅದನ್ನು ಒಡೆದು ನೋಡಿದರೆ ಒಳಗೆ ಕೂದಲಿನಂಥ ತಂತಿ ಒತ್ತೊತ್ತಾಗಿ ಸುತ್ತಿಕೊಂಡಿತ್ತು. ಅಂದರೆ ಅದೇ ಇನ್ನೊಂದು ಕಾಯಿಲ್! ಅದನ್ನು ತೆಗೆದು, 2.7 ಕಿಲೋಓಮ್‌ನ ಅರ್ಧ ವ್ಯಾಟ್ ಕಾರ್ಬನ್ ರೆಸಿಸ್ಟರ್‌ಗಳನ್ನು ನಾಲ್ಕು ಸಮಾನಾಂತರವಾಗಿ ಜೋಡಿಸಿದೆ. 675 ಓಮ್ ಬಂತು, ಅನುರಣನ ನಿಂತಿತು.

ಎರಡನೆಯದು ಮಳೆಯ ಕೆಲಸ. ಜುಲೈ ತಿಂಗಳು, ಒಲೆಯ ಪಕ್ಕದಲ್ಲಿಟ್ಟ ಕಾಯಿಲ್ ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ದಾರಿ ತಪ್ಪುತ್ತಿತ್ತು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಕೆಪಾಸಿಟನ್ಸ್ ಅನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಳತೆ) ಸುಮಾರು 80, ತಂತಿಯ ಎನಾಮಲ್‌ನದು ಮೂರು ನಾಲ್ಕರ ಆಸುಪಾಸು. ಸುತ್ತುಗಳ ನಡುವೆ ತೇವ ಇಳಿದಷ್ಟೂ ಕೆಪಾಸಿಟನ್ಸ್ ಏರಿ, ಕಷ್ಟಪಟ್ಟು ಹೊಂದಿಸಿದ ರೆಸಿಸ್ಟರ್ ಹೊಂದದಂತಾಗುತ್ತದೆ. ಕೊಡಗಿನಲ್ಲಿ ಇಂಥದ್ದನ್ನು ಕಟ್ಟುವವರು ಕಾಯಿಲ್ ಅನ್ನು ಚೆನ್ನಾಗಿ ಒಣಗಿಸಿ, ಮೋಟಾರ್ ವೈಂಡಿಂಗ್‌ಗೆ ಬಳಸುವ ವಾರ್ನಿಷ್‌ನಲ್ಲಿ ಅದ್ದಿ ಮುಚ್ಚಲೇಬೇಕು. ಇಷ್ಟಾದರೂ ನಮ್ಮ ಕೆಂಪು ಮಣ್ಣಿನ ಮೇಲೆ ಇಟ್ಟರೆ ಶೋಧಕ ತುಸು ಗುನುಗುತ್ತದೆ. ಮಣ್ಣಿನ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು ಕಾಂತತ್ವವನ್ನು ತಡವಾಗಿ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ದಿಮ್ಮಿಯನ್ನು ಅಡ್ಡಮರದ ಮೇಲೆ ಎತ್ತಿ ಇಟ್ಟರೆ ಆ ತೊಂದರೆ ಮುಗಿಯಿತು.

ಎರಡೂ ಸರಿಯಾದವು. ಮನೆಯಲ್ಲಿ ಶೋಧಕ ಸ್ತಬ್ಧ. ತೋಟಕ್ಕೆ ಒಯ್ದರೆ ಮತ್ತೆ ಟಿಕ್! ಜೀಪಿನ ಕುಲುಕಾಟಕ್ಕೆ ಬೆಸುಗೆ ಬಿಡುತ್ತಿದೆ ಎಂದು ಎರಡು ಸಲ ಹೊಸದಾಗಿ ಬೆಸೆದೆ, ಪ್ರಯೋಜನವಾಗಲಿಲ್ಲ. ಕೊನೆಗೆ, ಮೊದಲೇ ಮಾಡಬೇಕಿದ್ದ ಒಂದು ಪರೀಕ್ಷೆ ಮಾಡಿದೆ. ಮಾಸ್ಫೆಟ್‌ನ ಗೇಟನ್ನು (ಅದನ್ನು ಆನ್ ಆಫ್ ಮಾಡುವ ಕಾಲು) ನೆಗೆಟಿವ್ ತಂತಿಗೆ ಸೇರಿಸಿ ಕೂಗುವುದನ್ನು ನಿಲ್ಲಿಸಿದೆ, ಕೇಳುವ ಭಾಗವನ್ನು ಹಾಗೆಯೇ ಬಿಟ್ಟೆ. ಟಿಕ್ ನಿಲ್ಲಲಿಲ್ಲ. ನಾನು ಏನನ್ನೂ ಕಳುಹಿಸದೆ ಉತ್ತರ ಬರುತ್ತಿದೆ ಎಂದರೆ ಅದು ಹೊರಗಿನ ಸದ್ದು.

ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡು ಅಂತರಗಳನ್ನು ಅಳೆದೆ. 1.2 ಸೆಕೆಂಡ್, 2.4, ಮತ್ತೆ 1.2, ಒಮ್ಮೆ 3.6. ಯಾವುದೋ ಒಂದು ಮಿಡಿತ ತಪ್ಪದೆ ನಡೆಯುತ್ತಿದೆ. ನನ್ನ ಶೋಧಕ ಅದರಲ್ಲಿ ಕೆಲವನ್ನು ಮಾತ್ರ ಕೇಳುತ್ತಿದೆ. ಕಾಯಿಲ್ ಹಿಡಿದುಕೊಂಡಿದ್ದ ತೋಟದ ಹುಡುಗ ಅಷ್ಟರಲ್ಲಿ ಹೇಳಿದ: “ಸಾರ್, ಆನೆ ಬೇಲಿಯ ಪೆಟ್ಟಿಗೆಯ ದೀಪವೂ ಹೀಗೇ ಮಿನುಗುತ್ತದೆ.”

ಸೋಲಾರ್ ಬೇಲಿ! ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಕೆಲವು ಸಾವಿರ ವೋಲ್ಟ್‌ನ ಅತಿ ಕಿರಿದಾದ ಮಿಡಿತವನ್ನು ಅದು ತೋಟದ ಸುತ್ತಲಿನ ತಂತಿಗೆ ಕಳುಹಿಸುತ್ತದೆ. ಆನೆಗೆ ಪ್ರಾಣ ಹೋಗದಂಥ ಪೆಟ್ಟು. ನನ್ನ ಕಾಯಿಲ್‌ಗೆ ಅದೇ ಪ್ರಸಾರ ಕೇಂದ್ರ. ಪ್ರತಿ ಪಲ್ಸಿನ ನಂತರ ಶೋಧಕ ಕಿವಿ ತೆರೆಯುವುದು 15 ಮೈಕ್ರೊಸೆಕೆಂಡ್ ಮಾತ್ರ. ಬೇಲಿಯ ಮಿಡಿತ ಆ ಕಿಂಡಿಗೆ ಸಿಕ್ಕರೆ ಟಿಕ್, ತಪ್ಪಿದರೆ ಮೌನ. ಹಾಡಹಗಲಲ್ಲಿ ಒಂದು ನಿಮಿಷ ಬೇಲಿ ಆರಿಸಿ ನೋಡಿದೆವು. ಶೋಧಕ ಸುಮ್ಮನಾಯಿತು.

ಆನೆ ಓಡಾಡುವ ತೋಟದಲ್ಲಿ ನನ್ನ ಅನುಕೂಲಕ್ಕೆಂದು ಬೇಲಿ ಆರಿಸುವುದು ಸರಿಯಲ್ಲ. ಹಾಗಾಗಿ ಕಾಯಿಲ್ ಅನ್ನೇ ಬದಲಿಸಿದೆ: ಕನ್ನಡದ ಎಂಟರ ಹಾಗಲ್ಲ, ಇಂಗ್ಲಿಷ್ ಎಂಟರ ಹಾಗೆ, ಎರಡು ಕುಣಿಕೆಗಳನ್ನು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸುತ್ತಿದೆ. ದೂರದ ಬೇಲಿಯ ಕ್ಷೇತ್ರ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಾಗಿ ಪರಸ್ಪರ ಕಳೆದುಹೋಗುತ್ತದೆ. ಹತ್ತಿರದ ಮೊಳೆ ಒಂದೇ ಕುಣಿಕೆಯ ಕೆಳಗಿರುವುದರಿಂದ ಉಳಿಯುತ್ತದೆ. ಶೋಧಿಸುವ ಆಳ ತುಸು ಕಡಿಮೆಯಾಯಿತು, ರೆಸಿಸ್ಟರನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕಾಯಿತು. ಆ ಸಂಜೆ ಮೂರನೆಯ ದಿಮ್ಮಿಯ ಮೇಲೆ ಸ್ಪೀಕರ್ ಎಡೆಬಿಡದೆ ಮೊರೆಯಿತು. ಹುಡುಗ ಉಳಿಯಿಂದ ಕೆತ್ತಿದ. ತೊಗಟೆಯಿಂದ ನಾಲ್ಕು ಬೆರಳು ಒಳಗೆ, ತುಕ್ಕಿನ ನೀಲಿಗಪ್ಪು ಕಲೆಯ ನಡುವೆ, ಬೇಲಿ ತಂತಿ ಬಿಗಿಯುವ ಬಾಗಿದ ಮೊಳೆಯೊಂದು ಕುಳಿತಿತ್ತು.